ಎರಡನೇ ಸಲದ ಉತ್ತರ

ನವನಗರದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಎಂಎಸ್ಸಿ ಓದುತ್ತಿದ್ದಾಗ ಸಂಶೋಧನೆಗೆ ನನಗೆ ಸಿಕ್ಕಿದ್ದು ನಿದ್ದೆಯ ವಿಷಯ. ನಿದ್ದೆ ಅಂದರೂ, ನಿಜವಾಗಿ ಅದು ನಿದ್ದೆಯ ಬಗ್ಗೆ ಕೇಳುವ ಒಂದು ಪ್ರಶ್ನಾವಳಿಯ ಪರೀಕ್ಷೆ. ಮಲಗಿದ ಎಷ್ಟು ಹೊತ್ತಿಗೆ ಕಣ್ಣು ಹತ್ತುತ್ತದೆ, ನಡುವೆ ಎಷ್ಟು ಸಲ ಎಚ್ಚರ ಆಗುತ್ತದೆ, ಬೆಳಿಗ್ಗೆ ಮೈ ಹಗುರ ಅನಿಸುತ್ತದೋ ಇಲ್ಲವೋ. ಇದನ್ನೆಲ್ಲ ವಯಸ್ಕರಿಗೆ ಕೇಳಿ, ಹದಿನೈದು ದಿನ ಬಿಟ್ಟು ಅವರಿಗೇ ಮತ್ತೊಮ್ಮೆ ಕೇಳಬೇಕು. ಎರಡೂ ಸಲದ ಉತ್ತರ ಹೊಂದಿದರೆ ಪ್ರಶ್ನಾವಳಿ ನಂಬಿಕೆಗೆ ತಕ್ಕದ್ದು.

ಇಳಕಲ್ಲಿನ ಒಂದು ನೇಕಾರರ ಮನೆಯ ಸೊಸೆ ನನ್ನ ಪಟ್ಟಿಯಲ್ಲಿದ್ದಳು. ನಲವತ್ತು ದಾಟಿದವಳು. ಮಗ್ಗದ ಪಕ್ಕ ಕೂತು ಕಂಡಿಕೆಗೆ ನೂಲು ಸುತ್ತುತ್ತಲೇ ಮಾತಾಡಿದಳು. ಎದುರಿಗೆ ಅವಳ ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ಪ್ರಶ್ನೆ ಓದಿದ ಕೂಡಲೇ ಅತ್ತೆಯೇ, ಇಕಿ ಮಲಗಿದರ ಎಬ್ಬಿಸೋದ ಕಷ್ಟ ಅಂತ ನಕ್ಕರು. ನಾನೂ ನಕ್ಕೆ. ಸೊಸೆ ಎಲ್ಲದಕ್ಕೂ ಚೊಲೋ ಐತ್ರಿ ಅಂದಳು. ಗುರುತು ಹಾಕಿಕೊಂಡು, ಕೊಟ್ಟ ಚಹಾ ಕುಡಿದು ಎದ್ದೆ.

ಎರಡನೇ ಸಲ ಹೋದದ್ದು ಶನಿವಾರ. ಅತ್ತೆ ಹನುಮಪ್ಪನ ದರ್ಶನಕ್ಕೆಂದು ತುಳಸಿಗೇರಿಗೆ ಹೋಗಿದ್ದರು. ಅದೇ ಮೊದಲ ಪ್ರಶ್ನೆ ಕೇಳಿದಾಗ ನೂಲು ಸುತ್ತುತ್ತಿದ್ದ ಆಕೆಯ ಕೈ ನಿಂತಿತು. ಒಳಗಿನ ಕೋಣೆಯಲ್ಲಿ ಮಾವ ಲಕ್ವಾ ಹೊಡೆದು ಮೂರು ವರ್ಷದಿಂದ ಮಲಗಿದ್ದಾರಂತೆ. ರಾತ್ರಿ ಅವರನ್ನು ಹೊರಳಿಸುವುದು, ಬಟ್ಟೆ ಬದಲಿಸುವುದು ಎಲ್ಲ ಇವಳದೇ. ಮಂಚದ ಪಕ್ಕದಲ್ಲೇ ಚಾಪೆ. ಬೆನ್ನು ನೆಲಕ್ಕೆ ಹತ್ತುವಷ್ಟರಲ್ಲಿ ಮತ್ತೆ ಕರೆಯುತ್ತಾರೆ. ಒಟ್ಟಿಗೆ ಎರಡು ತಾಸು ಮಲಗಿದ್ದು ಯಾವಾಗ ಅನ್ನುವುದು ಅವಳಿಗೆ ನೆನಪಿರಲಿಲ್ಲ.

"ಮೊದಲನೇ ಸಲ ಚೊಲೋ ಐತಿ ಅಂದಿದ್ರಲ್ರಿ ಅಕ್ಕಾರ?" ಅಂದೆ.

"ಆಗ ಅತ್ತಿ ಕುಂತಿದ್ರಲ್ಲ, ತಂಗಿ. ಅವರ ಮುಂದ ನಿದ್ದಿ ಇಲ್ಲ ಅಂದ್ರ, ಮಾವನ ಸೇವಾ ಭಾರ ಆತು ಅಂದಂಗ ಆಗ್ತೈತಿ."

ಬಸ್ಸು ಹುನಗುಂದ ದಾಟುವವರೆಗೂ ಆವತ್ತು ಅತ್ತೆಯ ಜೊತೆ ನಾನು ನಕ್ಕದ್ದೇ ತಲೆಯಲ್ಲಿ ಕೂತಿತ್ತು. ಆದರೂ ಏನೋ ಒಂದು ಕಂಡುಕೊಂಡ ಉತ್ಸಾಹವಿತ್ತು. ಈ ಪ್ರಶ್ನೆಗಳನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಬೇಕು, ಮನೆಮಂದಿಯ ಎದುರಿಗೆ ಕೇಳಿದರೆ ಸುಳ್ಳೇ ಸಿಗುತ್ತದೆ ಎಂದು ಬರೆಯಬೇಕು ಅಂದುಕೊಂಡೆ. ಹೀಗೆ ಎರಡನೇ ಸಲ ಉತ್ತರ ಬದಲಾದ ಫಾರ್ಮು ನನ್ನ ಹತ್ತಿರ ಏಳೆಂಟು ಇದ್ದವು.

ಸೋಮವಾರ ಗೈಡ್ ಮೇಡಂ ಮೇಜಿನ ಮೇಲೆ ಪೇಪರು ಹಾಸಿ ಮಿರ್ಚಿ ಭಜಿ ತಿನ್ನುತ್ತಿದ್ದರು. ನಾನು ಹೇಳಿದ್ದನ್ನು ಅಗಿಯುತ್ತಲೇ ಕೇಳಿದರು. ಇಳಕಲ್ಲಿನ ಎರಡನೇ ಸಲದ ಫಾರ್ಮನ್ನು ಎತ್ತಿ ನೋಡಿ, ಅದರ ಮೂಲೆಗೆ ಎರಡು ಬೆರಳು ಒರೆಸಿಕೊಂಡರು. ಮರೆತು ಒರೆಸಿದ್ದಲ್ಲ, ನೋಡುತ್ತಲೇ ಒರೆಸಿದ್ದು.

"ಇಂಥವು ಇಟ್ಕೊಂಡ್ರ ಎರಡೂ ಸಲದ್ದು ಹೊಂದಂಗಿಲ್ಲ, ನಿನ್ನ ನಂಬರ್ ಕೆಡ್ತಾವ. ಮೊದಲನೇ ಸಲದ್ದನ್ನ ಹೊಸಾ ಫಾರ್ಮಿನಾಗ ಬರಿ. ಇದು ಹೆಂಗೂ ಎಣ್ಣಿ ಹತ್ತಿ ಹೊಲಸಾತು."

ಎರಡು ತಾಸು ನಿದ್ದೆ ಕಾಣದ ಹೆಂಗಸಿನ ಮಾತು ಕೈ ಒರೆಸುವ ಕಾಗದವಾಗಿತ್ತು. ಆದರೂ ನಾನು ಹೊಸ ಫಾರ್ಮುಗಳನ್ನು ಎತ್ತಿಕೊಂಡೆ. ಹೊರಗಿನ ಬೆಂಚಿನ ಮೇಲೆ ಕೂತು ಏಳೆಂಟೂ ಫಾರ್ಮುಗಳನ್ನು ಹೊಸದಾಗಿ ಬರೆದೆ. ಚೊಲೋ, ಚೊಲೋ, ಚೊಲೋ. ಅಕ್ಷರ ದುಂಡಗೆ ಬರುತ್ತಿರುವುದನ್ನು ಕಂಡು ನನ್ನ ಕೈಯ ಮೇಲೇ ಹೇಸಿಗೆ ಹುಟ್ಟಿತು.

ಉತ್ತರಗಳು ಭಾಳ ಚೆನ್ನಾಗಿ ಹೊಂದಿದವು. ಪರೀಕ್ಷೆಗೆ ಬಂದ ಹೊರಗಿನವರು ಹೊಗಳಿದರು. ನಮ್ಮ ಕಡೆಯ ಜನಕ್ಕೆ ಈ ಪ್ರಶ್ನಾವಳಿ ನಂಬಬಹುದಾದದ್ದು ಎಂದು ಲೇಖನವೂ ಅಚ್ಚಾಯಿತು, ಮೇಡಂ ಹೆಸರು ಮೊದಲು, ನನ್ನದು ಆಮೇಲೆ.

ಈಗ ನಾನೇ ಪಾಠ ಮಾಡುತ್ತೇನೆ. ಹೋದ ವರ್ಷ ಬಾದಾಮಿ ಕಡೆಯ ಒಬ್ಬ ವಿದ್ಯಾರ್ಥಿನಿ ಅದೇ ಲೇಖನ ಹಿಡಿದುಕೊಂಡು ಬಂದು, ಈ ಪ್ರಶ್ನಾವಳಿಯನ್ನೇ ಬಳಸುತ್ತೇನೆ ಅಂದಳು. ಬೇಡ ಅಂದೆ. ಯಾಕೆ ಅಂದಾಗ ಬಾಗಿಲು ಮುಂದೆ ಮಾಡಿ ಎಲ್ಲ ಹೇಳಿದೆ. ಮಿರ್ಚಿಯ ಮಾತು ಬಂದಾಗ ಅವಳು ಮುಖ ಕಿವುಚಿದಳು. ಬೆಂಚಿನ ಮಾತು ಹೇಳಿದ ಮೇಲೆ ಅದೇ ಮುಖದಿಂದ ನನ್ನನ್ನು ನೋಡಿದಳು.

"ನೀವ್ಯಾಕ ಬರದ್ರಿ ಮೇಡಂ?" ಅಂದಳು.

ಪಾಸಾಗಬೇಕಿತ್ತು ಅಂದೆ. ಅವಳು ಲೇಖನವನ್ನು ಮೇಜಿನ ಮೇಲೇ ಬಿಟ್ಟು ಹೋದಳು.