ಏರಿಯ ಮೇಲೆ ಕೂಗಿದ ಟಿಟ್ಟಿಭ

ಮೊದಲೇ ಹೇಳಿಬಿಡುತ್ತೇನೆ, ಆ ಭಾನುವಾರ ಕೂಗಿದ್ದು ನಾನೇ. ಕೂಗು ಅಂತ ಯಾರೂ ಕೇಳಿರಲಿಲ್ಲ. ಕೂಗಬೇಡಿ ಅಂತಲೇ ಹೇಳಿದ್ದರು.

ಮುದ್ದೇನಹಳ್ಳಿ ಹತ್ತಿರದ ಒಂದು ಕೆರೆಯಲ್ಲಿ ಮಕ್ಕಳಿಗೂ ಮನೆಯವರಿಗೂ ಹಕ್ಕಿ ತೋರಿಸುವ ನಡಿಗೆ. ನಡೆಸುತ್ತಿದ್ದವರು ಚಿಕ್ಕಬಳ್ಳಾಪುರದ ಒಬ್ಬ ವಿಜ್ಞಾನದ ಮೇಡಂ. ಅಕ್ಕನ ಮಗನನ್ನು ನೋಡಿಕೊಳ್ಳುವ ನೆಪದಲ್ಲಿ ನಾನೂ ಹೋಗಿದ್ದೆ. ನನಗೆ ಗೊತ್ತಿರುವ ಕಸುಬು ಇನ್ನೊಬ್ಬರ ದನಿ ಕದಿಯುವುದೊಂದೇ. ನನ್ನ ಸ್ವಂತ ದನಿ ಹಸಿದ ಮೇಕೆಯದು, ಅದನ್ನು ಯಾರು ಕೇಳುತ್ತಾರೆ? ದಾರಿಯುದ್ದಕ್ಕೂ ಮೇಡಂ ಥರ "ಮೆಲ್ಲಗೆ ಮಕ್ಕಳೇ, ಮೆಲ್ಲಗೆ" ಎಂದು ಮೂಗಲ್ಲಿ ರಾಗ ಎಳೆದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಮೊಣಕೈಯುದ್ದದ ಲೆನ್ಸ್ ಹೊತ್ತುಕೊಂಡು ಪಾರಿವಾಳವನ್ನೂ ಗಿಡುಗ ಎನ್ನುತ್ತಿದ್ದ ಒಬ್ಬ ಅಪ್ಪನ ಏದುಸಿರನ್ನೂ ಮಾಡಿ ತೋರಿಸಿದೆ. ಅವರ ಹೆಂಡತಿಯೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಕೆಂಚಾರ್ಲಹಳ್ಳಿಯಿಂದ ಅಜ್ಜಿಯ ಜೊತೆ ಬಸ್ಸಿನಲ್ಲಿ ಬಂದಿದ್ದ ಪುಟ್ಟ ಹುಡುಗಿಗೆ ಮಾತ್ರ ನನ್ನ ಕಡೆ ಗಮನವೇ ಇರಲಿಲ್ಲ. ಹಿಂದಿನ ನಡಿಗೆಯಲ್ಲಿ, ಒಣಗಿದ ಕೆರೆಯಂಗಳದಲ್ಲಿ ಟಿಟ್ಟಿಭ ಹಕ್ಕಿಯ ಮೊಟ್ಟೆಗಳನ್ನು ಮೊದಲು ಕಂಡವಳು ಅವಳು. ಗೂಡಿಲ್ಲ ಗೀಡಿಲ್ಲ, ಕಲ್ಲುಗಳ ನಡುವೆ ಕಲ್ಲಿನ ಹಾಗೇ ಕಾಣುವ ಮೊಟ್ಟೆಗಳು. ಹೊರಬಂದ ದಿನವೇ ಮರಿ ಓಡುತ್ತದೆ ಎಂದು ಮೇಡಂ ಹೇಳಿದ್ದರಂತೆ. ಅದನ್ನು ನೋಡಲೇಬೇಕೆಂದು ಹಟ ಹಿಡಿದು, ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದ ಅಜ್ಜಿಯನ್ನು ಅರ್ಧ ಕೆಲಸದಲ್ಲೇ ಎಬ್ಬಿಸಿಕೊಂಡು ಬಂದಿದ್ದಳು.

"ಇವತ್ತು ಒಡೀತಾವಾ ಮೇಡಂ?"

"ಇವತ್ತೋ ನಾಳೆನೋ ಕಣಮ್ಮ. ಅದಕ್ಕೇ ಯಾರೂ ಸದ್ದು ಮಾಡ್ಬಾರ್ದು. ತಾಯಿ ಎದ್ರೆ ಸಾಕು, ಕಾಗೆಗಳು ಕಾಯ್ತಿರ್ತಾವೆ."

ಎಲ್ಲರೂ ಕೆರೆ ಏರಿಯ ಮೇಲೆ ಕೂತೆವು. ದುರ್ಬೀನು ಕೈಯಿಂದ ಕೈಗೆ ಹೋಯಿತು. ಹಕ್ಕಿ ಕದಲದೆ ಕಾವು ಕೊಡುತ್ತಿತ್ತು. ಎಲ್ಲರ ಕಣ್ಣೂ ಅದರ ಮೇಲೆ, ನನ್ನನ್ನು ನೋಡುವವರು ಒಬ್ಬರೂ ಇಲ್ಲ. ಅಂಥದ್ದನ್ನು ನಾನು ಹೆಚ್ಚು ಹೊತ್ತು ತಡೆದುಕೊಂಡವನಲ್ಲ. ಅಪಾಯ ಕಂಡ ಟಿಟ್ಟಿಭ ಹೇಗೆ ಅರಚುತ್ತದೋ ಹಾಗೇ, ಗಂಟಲು ಬಿಗಿಹಿಡಿದು ಅರಚಿದೆ.

ತುಂಬ ಚೆನ್ನಾಗಿ ಬಂತು. ಗಂಡು ಎಲ್ಲಿತ್ತೋ ಏನೋ, ಎರಡೂ ಹಕ್ಕಿಗಳು ಹಾರಿ ಬಂದು ನಮ್ಮ ತಲೆಯ ಮೇಲೆ ಚೀರತೊಡಗಿದವು. ಮಕ್ಕಳು ಚಪ್ಪಾಳೆ ತಟ್ಟಿದರು. "ಶ್!" ಎಂದು ಮೇಡಂ ಎದ್ದು ನಿಂತರು. ಲೆನ್ಸಿನ ಅಪ್ಪ ಮಾತ್ರ, "ಇನ್ನೊಂದ್ಸಲ ಗುರೂ, ಫೋಕಸ್ ಸಿಗ್ಲಿಲ್ಲ" ಅಂದರು.

ಇನ್ನೊಂದು ಸಲ ಕೂಗಿದೆ.

ಅಷ್ಟರಲ್ಲಿ ಕಾಗೆಗಳು ಇಳಿದಾಗಿತ್ತು. ನಮಗೆಲ್ಲ ಕಂಡದ್ದು ದೂರದ ಕಪ್ಪು ಚುಕ್ಕೆಗಳು. ದುರ್ಬೀನು ಹುಡುಗಿಯ ಕೈಯಲ್ಲಿತ್ತು. ಮೊಟ್ಟೆ ಕುಕ್ಕಿ ಒಡೆದದ್ದನ್ನು, ಒಳಗಿನ ಒದ್ದೆ ಮರಿಯನ್ನು ಕಾಲು ಹಿಡಿದು ಎಳೆದದ್ದನ್ನು ಅವಳು ಪಕ್ಕದಲ್ಲೇ ಕೂತವಳ ಹಾಗೆ ನೋಡಿದಳು. ಹಕ್ಕಿಗಳು ಹಿಂದಿರುಗಿ ಕಾಗೆಗಳನ್ನು ಓಡಿಸುವ ಹೊತ್ತಿಗೆ ಉಳಿಸಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ.

"ಏಮ್ರಾ, ಬಾಯಿ ಹೊಲ್ಕೊಂಡು ಕೂರಾಕಾಗ್ಲಿಲ್ವಾ ನಿಂಗೆ?" ಎಂದರು ಅಜ್ಜಿ.

ಆಗಲೂ ನನ್ನಿಂದ ಆಗಲಿಲ್ಲ. ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹಲ್ಲು ಕಿರಿದೆ.

"ಅಳ್ಬೇಡಮ್ಮ. ಯಾವ ಹಕ್ಕಿ ಥರ ಬೇಕೋ ಹೇಳು, ಕೂಗ್ತೀನಿ. ನವಿಲಾ? ಕೋಗಿಲೆನಾ?"

ಅವಳು ಅಳುತ್ತಿರಲಿಲ್ಲ. ದುರ್ಬೀನನ್ನು ಮೇಡಂ ಕೈಗೆ ಕೊಟ್ಟು, ನನ್ನ ಬಾಯನ್ನೇ ನೋಡುತ್ತಾ ಹೇಳಿದಳು:

"ಆ ಮೊಟ್ಟೆ ಒಳಗಿತ್ತಲ್ಲ, ಆ ಮರಿ ಥರ ಕೂಗಣ್ಣ."