ಬಾಣಂತಿ ಕೋಣೆಯ ಬೇಳೆ

ಆ ದಿನಗಳಲ್ಲಿ ನಮ್ಮ ಸಂತಪುರದಲ್ಲಿ ಬಿಸಿಲೊಂದಕ್ಕೆ ಬರ ಇರಲಿಲ್ಲ. ಎರಡು ವರ್ಷ ಮಳೆ ಕೈಕೊಟ್ಟಿತ್ತು. ತೊಗರಿ ಬೆಳೆಯದೆ ಒಲೆಗೆ ಅದರ ಕಟ್ಟಿಗೆ ಸಿಗಲಿಲ್ಲ. ದನ ಮಾರಿದ ಮೇಲೆ ಸೆಗಣಿಯ ಕುಳ್ಳೂ ಇಲ್ಲ. ಅಪ್ಪ ಓಣಿಯ ಗಂಡಸರೊಂದಿಗೆ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಅವ್ವ ಬೆಳಗಾದರೆ ಬರಗಾಲದ ಕಾಮಗಾರಿಗೆ, ಕೆರೆಯ ಹೂಳೆತ್ತಲು ಹೋಗುತ್ತಿದ್ದಳು. ಉರುವಲು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಹಳ್ಳದ ದಂಡೆಯ ಜಾಲಿ ಮುಗಿದಂತೆ ದಾರಿ ಉದ್ದವಾಯಿತು. ಶಾಲೆ ತಪ್ಪಿತು.

ಬೀದರಿನಲ್ಲಿ ನರ್ಸ್ ಆಗಿದ್ದ ಚಿಕ್ಕವ್ವ ಒಂದು ದಿನ ಬಸ್ಸಿನಿಂದ ಸೂಟ್‌ಕೇಸಿನಂಥ ಪೆಟ್ಟಿಗೆ ಇಳಿಸಿದಳು. ಒಳಗೆಲ್ಲ ಕಪ್ಪು ಬಣ್ಣ, ಮೇಲೆ ಗಾಜಿನ ಮುಚ್ಚಳ, ಅದಕ್ಕೆ ಬಿಸಿಲು ತಿರುಗಿಸುವ ಕನ್ನಡಿ. ಸೋಲಾರ್ ಕುಕ್ಕರ್.

"ಮುಂದಿನ ಸಂತಿ ತನಕ ಇಟ್ಕೋರಿ. ಬ್ಯಾಳಿ ಕುದೀತಂದ್ರ ನಿಮಗೇ ಇರ್ಲಿ. ಇಲ್ಲಾಂದ್ರ ಹಲಬರ್ಗಾದಾಗ ನಮ್ಮ ನಾದನಿ ಕೇಳ್ಯಾಳ," ಅಂದಳು.

ಅವ್ವ ನನ್ನ ಕಡೆ ನೋಡಿದಳು. "ಇದರಾಗ ಬ್ಯಾಳಿ ಕುದ್ರ ನೀ ಸಾಲಿಗಿ ಹೋಗು. ರೊಟ್ಟಿಗಿ ಬೇಕಾದಷ್ಟು ಕಟ್ಟಿಗಿ ನಾ ಬರ್ತಾ ತರ್ತೇನಿ."

ಬೇಳೆ ಮಾತ್ರ ಕುದಿಯಲಿಲ್ಲ. ದಿನವೂ ನಾನು ಹೊರೆ ಇಳಿಸಿ ಪೆಟ್ಟಿಗೆಯೊಳಗಿನ ಡಬ್ಬಿಯಲ್ಲಿ ಇಣುಕಿದರೆ ನೆನೆದ ಬೇಳೆಯೇ ಕಾಣುತ್ತಿತ್ತು. ಪಕ್ಕದ ಮನೆಯ ಕಾಶಿಬಾಯಿ, ಹಗಲೆಲ್ಲ ಪೆಟ್ಟಿಗೆ ನೋಡಿಕೊಳ್ಳುತ್ತಿದ್ದ ನಮ್ಮ ಅಜ್ಜಿಯನ್ನು ಚುಚ್ಚಿದಳು: "ಆಯಿ, ಸೂರ್ಯಾನೂ ಹೈದರಾಬಾದಿಗಿ ದುಡಿಲಾಕ ಹೋಗ್ಯಾನೇನ್ರಿ?"

ಸಂತೆಯ ಹಿಂದಿನ ದಿನ ಕಾಲಿಗೆ ಜಾಲಿ ಮುಳ್ಳು ನಟ್ಟು ನಾನು ಮನೆಯಲ್ಲೇ ಉಳಿದೆ. ಆಗ ಕಂಡಿತು. ಪೆಟ್ಟಿಗೆ ನೋಡಲು ಬಂದವರನ್ನು ಬರಿದೆ ಕಳಿಸುವುದು ಆಯಿಗೆ ಗೊತ್ತೇ ಇರಲಿಲ್ಲ. "ಬರ್ರಿ, ನೋಡ್ರಿ" ಎಂದು ಗಾಜು ಎತ್ತಿ, ಡಬ್ಬಿ ತೆರೆದು ತೋರಿಸುವಳು. ಬಂದವರು ಒಂದೆರಡು ಕಾಳು ಹಿಚುಕಿ, ತಲೆಯಾಡಿಸಿ ಹೋಗುವರು. ಅವರ ಹಿಂದೆಯೇ ಇನ್ನೊಬ್ಬರು. ಪ್ರತಿ ಸಲ ಗಾಜು ಎತ್ತಿದಾಗ ಬಿಸಿ ಗಾಳಿ ನನ್ನ ಮುಖಕ್ಕೆ ಹೊಡೆಯುತ್ತಿತ್ತು.

"ಆಯಿ, ಕಾವೆಲ್ಲ ಹೊರಗ ಹೊಂಟದ."

ಆಯಿಯ ಕೈ ನಿಂತಿತು. ಓಣಿಯ ಎಷ್ಟೋ ಸೊಸೆಯಂದಿರ ಬಾಣಂತನ ಮಾಡಿದ ಕೈ ಅದು. ಕೋಣೆಯ ಬಾಗಿಲಲ್ಲೇ ಕುಳಿತು, ಒಳಗೆ ಗಾಳಿ ಸುಳಿಯದಂತೆ ಕಾಯುತ್ತಿದ್ದವಳು.

"ಇದು ಬಾಣಂತಿ ಕೋಣಿ ಇದ್ಹಂಗ ಅದ ನೋಡು," ಎಂದು ಗಾಜು ಮುಚ್ಚಿ, ಪಕ್ಕದಲ್ಲೇ ಕುಳಿತಳು.

ಕಾಶಿಬಾಯಿ ಬಂದು ಮುಚ್ಚಳಕ್ಕೆ ಕೈ ಹಾಕಿದಳು.

"ತೆರಿಬ್ಯಾಡ. ಒಳಗ ಬಾಣಂತಿ ಅದಾಳ."

"ಕೂಸು ಗಂಡೋ ಹೆಣ್ಣೋ?"

"ಬ್ಯಾಳಿ."

ನೆರಳು ಸರಿದಂತೆ ನಾನು ಕುಂಟುತ್ತ ಪೆಟ್ಟಿಗೆಯನ್ನು ಬಿಸಿಲಿಗೆ ತಿರುಗಿಸಿದೆ. ಮಧ್ಯಾಹ್ನ ಇಳಿದ ಮೇಲೆ ಆಯಿ ಗಾಜು ಎತ್ತಿದಳು. ಅರಿಶಿನ, ಬೆಳ್ಳುಳ್ಳಿಯ ವಾಸನೆ ಅಂಗಳ ತುಂಬಿತು. ಅದರಲ್ಲಿ ಹೊಗೆಯ ವಾಸನೆ ಇರಲಿಲ್ಲ. ಕಾಳು ಬೆರಳಲ್ಲಿ ಬೆಣ್ಣೆಯಾಯಿತು. ಮೊದಲ ಬಟ್ಟಲು ಕಾಶಿಬಾಯಿಯ ಮನೆಗೆ ಹೋಯಿತು. ಆಮೇಲೆ ಆಯಿ ನನ್ನನ್ನು ಕೇಳಿದಳು: "ನಿನ್ನ ಸಾಲಿ ಚೀಲ ಎಲ್ಲಿ ಅದ?"

ಈಗ ನಾನು ಬೀದರಿನ ಮೈಲೂರಿನಲ್ಲಿದ್ದೇನೆ. ಮಾಳಿಗೆಯ ಮೇಲೆ ಸೋಲಾರ್ ನೀರು ಕಾಯಿಸುತ್ತದೆ. ಕರೆಂಟ್ ಹೋದರೂ ದೀಪ ಉರಿದು ಮಗಳ ಓದು ಸಾಗುತ್ತದೆ. ಉರುವಲು ಆರಿಸುವುದೆಂದರೆ ಅವಳಿಗೆ ಗೊತ್ತಿಲ್ಲ. ಅದನ್ನು ನಾನು ನಷ್ಟವೆನ್ನುವುದಿಲ್ಲ. ಕಳೆದದ್ದು ಬೇರೆ. ಆಯಿ ಇಲ್ಲ. ಕಾಶಿಬಾಯಿ ಆ ವರ್ಷವೇ ಹೈದರಾಬಾದಿಗೆ, ಗಂಡ ದುಡಿಯುತ್ತಿದ್ದಲ್ಲಿಗೆ ಹೋದವಳು ಊರಿಗೆ ಮರಳಲಿಲ್ಲ. ನಮ್ಮ ಮಾಳಿಗೆಗೆ ಇದೆಲ್ಲ ಬಂದಾಗ ನೋಡಲು ನೆರೆಯವರು ಯಾರೂ ಬರಲಿಲ್ಲ.

ಮೊನ್ನೆ ಎದುರು ಮನೆಯ ಸೊಸೆ ಗೇಟಿನಲ್ಲೇ ನಿಂತು ಕೇಳಿದಳು: "ಬಿಸಲಿಗಿ ನೀರು ಖರೇನೇ ಕಾಯ್ತಾವೇನ್ರಿ?"

"ಬರ್ರಿ, ನೋಡ್ರಿ," ಅಂದೆ.