ತೊಡೆಯಿಂದ ತೊಡೆಗೆ ಹೋದ ಡಬ್ಬಿ

ಯಲಬುರ್ಗಾದಿಂದ ಹೊರಟ ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ನನ್ನ ಡಬ್ಬಿಯಲ್ಲಿ ಪ್ರೋಟೀನಿನ ಹರಳುಗಳಿದ್ದವು. ಬೆಳಕು ತಾಗಿದರೆ ಆ ಪ್ರೋಟೀನು ಆಕಾರ ಬದಲಿಸುತ್ತದೆ. ಆ ಬದಲಾವಣೆಯನ್ನು ಕ್ಷಣಕ್ಷಣಕ್ಕೂ ಎಕ್ಸ್‌-ರೇ ಚಿತ್ರಗಳಲ್ಲಿ ಹಿಡಿಯುವುದೇ ನನ್ನ ಕೆಲಸ.

"ತರ್ರಿ ಇಲ್ಲಿ," ಎಂದು ಸೀಟಿನಲ್ಲಿದ್ದ ಅಕ್ಕ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡರು.

"ಮುಚ್ಚಳ ತಗೀಬ್ಯಾಡ್ರಿ ಅಕ್ಕಾರ, ಬೆಳಕು ಬಿದ್ರ ಎಲ್ಲಾ ಹಾಳಾಗತೈತಿ!" ಎಂದೆ.

ಜನ ನನ್ನನ್ನು ಹಿಂದಕ್ಕೆ ತಳ್ಳಿದರು. ಕುಕನೂರಿನಲ್ಲಿ ಆ ಅಕ್ಕ ಬರಿಗೈಯಲ್ಲಿ ಇಳಿದು ಹೋಗುವುದು ಕಂಡಿತು.

"ನನ್ನ ಡಬ್ಬಿ ಎಲ್ಲೈತ್ರಿ?" ಎಂದು ಕೂಗಿದೆ.

"ಮುಂದ ಐತಿ, ಗಾಬ್ರಿ ಆಗಬ್ಯಾಡ್ರಿ," ಎಂದರು ಯಾರೋ.

ಕೊಪ್ಪಳದಲ್ಲಿ ಅದು ಮುಂದಿನ ಸೀಟಿನ ಅಜ್ಜನ ತೊಡೆಯ ಮೇಲೆ, ಅವರ ಕಂಬಳಿಯೊಳಗೆ ಸಿಕ್ಕಿತು. "ಬೆಳಕು ಬೀಳಬಾರದಂತ ಹೇಳಿ ಕೊಟ್ಟಾರ್ರಿ," ಎಂದರು.

ಪ್ರೋಟೀನು ಒಂದು ರೂಪದಿಂದ ಇನ್ನೊಂದಕ್ಕೆ ಹೇಗೆ ಹೋಯಿತೆಂದು ಇವತ್ತು ಚಿತ್ರಸಮೇತ ತೋರಿಸಬಲ್ಲೆ. ಡಬ್ಬಿ ಅಕ್ಕನಿಂದ ಅಜ್ಜನವರೆಗೆ ಹೇಗೆ ಹೋಯಿತೆಂದು ಮಾತ್ರ ಕೇಳಬೇಡಿ.